ಅಕ್ಕನ ಹೆಸರಿನ ಕಂಪನಿಯ ಮೊಹರು

ನಾನು ಹಿತ್ತಾಳೆಯ ಒಂದು ಮೊಹರು. ಹುಬ್ಬಳ್ಳಿಯ ಇಕ್ಕಟ್ಟಾದ ಓಣಿಯೊಂದರಲ್ಲಿ, ದಪ್ಪ ಕನ್ನಡಕದ ಕುಶಲಕರ್ಮಿಯೊಬ್ಬ ನನ್ನ ಮುಖದ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಕೊರೆದ. ಕಾಗದದ ಮೇಲೆ ಒತ್ತಿದಾಗ ಅವು ನೆಟ್ಟಗಾಗಿ ಮೂಡಿದವು: ದಾಕ್ಷಾಯಣಿ ಕನ್‌ಸ್ಟ್ರಕ್ಷನ್ಸ್.

ನನ್ನನ್ನು ಮಾಡಿಸಿದವನು ಶಾಸಕ ಚನ್ನವೀರ ಮುದೇನೂರ. ದಾಕ್ಷಾಯಣಿ ಅವನ ಅಕ್ಕ. ಗಂಡ ಸತ್ತ ಮೇಲೆ ಪುಟ್ಟ ಮಗಳು ಸುಮಿತ್ರಾಳನ್ನು ಕರೆದುಕೊಂಡು ಬಂದು, ತಮ್ಮನ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು.

“ಸರ್ಕಾರದ ಗುತ್ತಿಗಿ ನನ್ನ ಹೆಸರಿನಾಗ ಇದ್ರ ನನ್ನ ಕುರ್ಚಿ ಹೋಗ್ತದ ಅಕ್ಕ,” ಅಂದ ಚನ್ನವೀರ. “ಅದಕ್ಕ ಕಂಪನಿ ನಿನ್ನ ಹೆಸರಿನಾಗ ಇರಲಿ. ಸುಮಿತ್ರಾನ್ನ ಡಾಕ್ಟರ್ ಓದಸೋದು ನನಗ ಬಿಡು.”

ಅವಳು ನನ್ನನ್ನು ಒತ್ತಿದಳು. ಉಬ್ಬಿ ಬಂದ ತನ್ನ ಹೆಸರನ್ನು ಬೆರಳಿನಿಂದ ಸವರಿ ನಕ್ಕಳು.

ಗುತ್ತಿಗೆಗಳು ಬಂದವು. ಹಣವೆಲ್ಲ ಚನ್ನವೀರನ ಕಡೆಗೇ ಹೋಯಿತು. ಒಂದು ಹಾಸ್ಟೆಲಿಗೆ ಕಟ್ಟಿದ ನೀರಿನ ಟ್ಯಾಂಕಿನಲ್ಲಿ ಸಿಮೆಂಟಿಗಿಂತ ಮರಳೇ ಹೆಚ್ಚಿತ್ತು. ಅದು ಕುಸಿದಾಗ ಕೆಳಗೆ ಇಬ್ಬರು ಹುಡುಗಿಯರು ಬಟ್ಟೆ ಒಗೆಯುತ್ತಿದ್ದರು. ಇಬ್ಬರೂ ಬದುಕಲಿಲ್ಲ. ಆ ಕೆಲಸದ ಕಾಗದಗಳ ಮೇಲೂ ಬಿದ್ದಿದ್ದು ನಾನೇ.

ಪೊಲೀಸರು ದಾಕ್ಷಾಯಣಿಯನ್ನೂ ನನ್ನನ್ನೂ ಒಂದೇ ಜೀಪಿನಲ್ಲಿ ಒಯ್ದರು. ತಮ್ಮ ಬಂದು ಬಿಡಿಸುತ್ತಾನೆ ಎಂದು ಅವಳು ದಾರಿಯುದ್ದಕ್ಕೂ ಹೇಳುತ್ತಿದ್ದಳು. ತಮ್ಮ ಬಂದ, ಕೋರ್ಟಿನಲ್ಲಿ ಸಾಕ್ಷಿ ಹೇಳಲಿಕ್ಕೆ. “ಆ ಕಂಪನಿಗೂ ನನಗೂ ಸಂಬಂಧ ಇಲ್ಲ,” ಎಂದು ಪ್ರಮಾಣ ಮಾಡಿ ಹೇಳಿದ. ಅವಳು ಅವನನ್ನೇ ನೋಡಿದಳು. ಆದರೆ ಸುಮಿತ್ರಾ ಅವನ ಮನೆಯಲ್ಲೇ ಇದ್ದಳು. ದಾಕ್ಷಾಯಣಿ ಬಾಯಿ ಬಿಡಲಿಲ್ಲ.

ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ವ್ಯಕ್ತಿಯೇ ಎಂದು ವಕೀಲರು ವಿವರಿಸಿದರು. ಆ ವ್ಯಕ್ತಿಯನ್ನು ಜೈಲಿಗೆ ಹಾಕಲು ಮಾತ್ರ ಬರುವುದಿಲ್ಲವಂತೆ. ಕಂಪನಿಗೆ ದಂಡ ಬಿತ್ತು. ಜೈಲಿಗೆ ದಾಕ್ಷಾಯಣಿ ಹೋದಳು. ಚನ್ನವೀರ ಮುಂದೆ ಮಂತ್ರಿಯಾದ.

ಕೇಸು ಮುಗಿದ ಮೇಲೆ ನನ್ನನ್ನು ಅವನ ಮನೆಗೇ ಮರಳಿಸಿದರು. ಆ ಹೆಸರಿಗೆ ಈಗ ಯಾರೂ ಗುತ್ತಿಗೆ ಕೊಡುವುದಿಲ್ಲ. ಕಪಾಟಿನ ಮೂಲೆಯಲ್ಲಿ ಹಸಿರುಗಟ್ಟುತ್ತಾ ಕೂತಿದ್ದೇನೆ. ನನಗೆ ಮುಖವಿತ್ತು, ಹೆಸರಿತ್ತು, ನಾಲಿಗೆ ಇರಲಿಲ್ಲ. ನನ್ನಂಥವರೇ ಅವನಿಗೆ ಬೇಕಾಗಿದ್ದರು.

ಮೊನ್ನೆ ದಾಕ್ಷಾಯಣಿ ಬಿಡುಗಡೆಯಾಗಿ ಬಂದಳು. ಅಡುಗೆಮನೆಯಲ್ಲಿ ಸುಮಿತ್ರಾ ರೊಟ್ಟಿ ಬಡಿಯುತ್ತಿದ್ದಳು. ಅವಳ ಶಾಲೆ ಬಿಡಿಸಿ ಬಹಳ ಕಾಲವಾಗಿತ್ತಂತೆ. ತಾಯಿ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಚನ್ನವೀರ ಹೊಸ ಕಂಪನಿಯೊಂದರ ಕಾಗದಗಳನ್ನು ಮೇಜಿನ ಮೇಲೆ ಹರಡಿದ.

“ಹುಡುಗಿಗೆ ಹದಿನೆಂಟು ತುಂಬ್ಯಾವಲ್ಲ ಅಕ್ಕ. ಕರಿ.”

ದಾಕ್ಷಾಯಣಿ ಬಾಗಿಲ ಕಡೆ ನೋಡಿದಳು. ಹೊರಗೆ ಅವಳಿಗೆ ಯಾರೂ ಇರಲಿಲ್ಲ. ಚೀಲ ಕೆಳಗಿಟ್ಟು ಅಡುಗೆಮನೆಯ ಕಡೆ ತಿರುಗಿದಳು.

“ಸುಮೀ, ಕೈ ತೊಳಕೊಂಡು ಬಾರವ್ವ.”