ಒಂದೇ ಅಳತೆಯ ಇಬ್ಬರು

ನನ್ನ ಸೊಸೆಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಆದರೆ ನನ್ನ ಹೊಲಿಗೆ ಅಂಗಡಿಯ ಗಿರಾಕಿಗಳನ್ನೆಲ್ಲ ಕಂಪ್ಯೂಟರಿಗೆ ಪೋಣಿಸಿದವಳು ಅವಳೇ. ಗಿರಾಕಿಗಳು ಮನೆಯಲ್ಲೇ ಕೂತು ತುಂಬುವ ಒಂದು ಫಾರ್ಮು. ಮೇಲೆ ತಾಯಿಯ ಹೆಸರು, ಫೋನು. ಅದರ ಕೆಳಗೆ ಮಕ್ಕಳ ಹೆಸರು, ಹುಟ್ಟಿದ ದಿನ. ಒಂದೊಂದು ಮಗುವಿನ ಕೆಳಗೆ ಅದರದರ ಅಳತೆ. 'ಉಳಿಸು' ಒತ್ತಿದರೆ ಫ್ರೇಮ್‌ವರ್ಕ್ ಅನ್ನುವುದೊಂದು ಮೊದಲು ತಾಯಿಯನ್ನು, ಆಮೇಲೆ ಮಕ್ಕಳನ್ನು, ಆಮೇಲೆ ಅಳತೆಗಳನ್ನು ತಂತಮ್ಮ ಜಾಗದಲ್ಲಿ ಕೂರಿಸುತ್ತದಂತೆ. ಕೂರಿಸಿತು, ಸುಳ್ಳು ಹೇಳಬಾರದು.

ಎಡವಟ್ಟಾದದ್ದು ನೃತ್ಯಶಾಲೆಯ ನೀಲಿ ಫ್ರಾಕುಗಳ ಕೆಲಸ ಬಂದಾಗ. ಅಳತೆಯನ್ನು ಶಾಲೆಯಲ್ಲೇ ತೆಗೆದು ಕೊಟ್ಟಿದ್ದರು, ತಾಯಂದಿರು ತುಂಬುತ್ತಿದ್ದರು. ಒಬ್ಬಾಕೆ ಫೋನ್ ನಂಬರ್ ತಿದ್ದಿ ಮತ್ತೊಮ್ಮೆ 'ಉಳಿಸು' ಒತ್ತಿದಳು. ಅವಳ ಒಬ್ಬಳೇ ಮಗಳು ಇಬ್ಬರಾದಳು. ನಮ್ಮ ಕಟಿಂಗ್ ಮಾಸ್ತರರು ಪರದೆ ಹೇಳಿದ್ದಕ್ಕೆ ಎದುರಾಡುವವರಲ್ಲ, ಎರಡು ಫ್ರಾಕಿಗೆ ಬಟ್ಟೆ ಕತ್ತರಿಸಿಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು.

"ಮಗುವಿನ ಗುರುತಿನ ನಂಬರ್ ಫಾರ್ಮಿನ ಜೊತೆ ವಾಪಸ್ ಹೋಗ್ತಿಲ್ಲ ಅತ್ತೆ. ಅದಕ್ಕೇ ಪ್ರತಿ ಸಲ ಹೊಸ ಮಗು ಅಂದ್ಕೊಳ್ಳುತ್ತೆ. ಸ್ವಲ್ಪ ಟೈಮ್ ಕೊಡಿ," ಅಂದಳು ಸೊಸೆ.

ತಾಳ್ಮೆಗೂ ನನಗೂ ಅಷ್ಟಕ್ಕಷ್ಟೆ. "ಅಷ್ಟೆಲ್ಲ ಯಾಕಮ್ಮ? ಒಂದೇ ಮನೇಲಿ ಒಂದೇ ದಿನ ಹುಟ್ಟಿ, ಒಂದೇ ಅಳತೆ ಇರೋ ಇಬ್ಬರು ಕಂಡರೆ ಒಬ್ಬಳನ್ನ ಅಳಿಸು ಅಂತ ಹೇಳು ಅದಕ್ಕೆ."

"ಹೆಸರೂ ನೋಡ್ಬೇಕಲ್ವಾ?"

"ಹೆಸರನ್ನ ಜನ ಒಂದೊಂದು ಸಲ ಒಂದೊಂದು ಥರ ಬರೀತಾರೆ. ಅದನ್ನ ನೆಚ್ಕೋಬೇಡ."

ಮುಖ ಸಪ್ಪಗೆ ಮಾಡಿಕೊಂಡೇ ಹಾಗೆ ಮಾಡಿದಳು.

ಪ್ರದರ್ಶನದ ದಿನ ಬೆಳಿಗ್ಗೆ ಬೇಕರಿಯವಳು ತನ್ನ ಹೆಣ್ಣುಮಕ್ಕಳನ್ನು ಕರೆತಂದಳು. ಅವಳಿಜವಳಿ. ಪೊಟ್ಟಣದಲ್ಲಿದ್ದದ್ದು ಒಂದೇ ಫ್ರಾಕು. ನನ್ನ ಅತಿಬುದ್ಧಿ ಇನ್ನೊಬ್ಬಳನ್ನು ಅಳಿಸಿಹಾಕಿತ್ತು. ಮೊದಲು ಹುಟ್ಟಿದವಳು ಫ್ರಾಕನ್ನು ಎದೆಗವಚಿಕೊಂಡಳು. ಚಿಕ್ಕವಳು, "ಹಾಗಾದ್ರೆ ನಾನು ಕುಣಿಯೋದು ಬೇಡ್ವಾ?" ಎಂದು ಕೇಳಿದಳು ಅಷ್ಟೆ. ಅವಳು ಅತ್ತಿದ್ದರೇ ವಾಸಿಯಿತ್ತು.

"ನನ್ನ ತಪ್ಪು," ಅಂದಳು ಸೊಸೆ.

"ಅವಳದ್ದಲ್ಲ ಕಣಮ್ಮ, ಹಾಗೆ ಮಾಡು ಅಂದವಳು ನಾನು. ಸಂಜೆಯೊಳಗೆ ಫ್ರಾಕು ಕೈಗಿಡ್ತೀನಿ," ಅಂದೆ ಬೇಕರಿಯವಳಿಗೆ.

ಅಂದದ್ದೇನೋ ಅಂದೆ, ನೀಲಿ ಬಟ್ಟೆ ಪೂರ್ತಿ ಮುಗಿದಿತ್ತು. ಮಾಸ್ತರರು ಕಪಾಟು ತೆಗೆದು, ಅಂದು ಹೆಚ್ಚಾಗಿ ಕತ್ತರಿಸಿದ್ದ ತುಂಡುಗಳನ್ನು ಮೇಜಿನ ಮೇಲಿಟ್ಟರು. ತುಸು ದೊಡ್ಡ ಅಳತೆ, ಒಳಗೆ ಹಿಡಿದರೆ ಆಯಿತು. ನಾನು ಮೆಷಿನ್ನಿಗೆ ಕೂತೆ, ಸೊಸೆ ಕಂಪ್ಯೂಟರಿಗೆ. "ನನ್ನ ಬುದ್ಧೀನ ಕಿತ್ತುಹಾಕು, ನಿನ್ನದನ್ನ ಹಾಕು," ಅಂದೆ. ಅವಳು ನಕ್ಕಳು.

ಸಂಜೆ ಫ್ರಾಕು ಚಿಕ್ಕವಳಿಗೆ ಹೇಳಿ ಮಾಡಿಸಿದಂತೆ ಕೂತಿತು. ಅವಳು ಹೋಗಿ ಸೊಸೆಯ ಕುರ್ಚಿಗೆ ಒರಗಿ ನಿಂತಳು. ಪರದೆಯಲ್ಲಿ ಅಮ್ಮನ ಕೆಳಗೆ ಎರಡು ಹೆಸರು, ಒಂದೊಂದಕ್ಕೂ ತನ್ನದೇ ನಂಬರ್.

"ಇದು ನಾನಾ?"

"ನೀನೇ. ಒತ್ತಿ ನೋಡು."

'ಉಳಿಸು' ಒತ್ತಿದಳು. ನಂಬಿಕೆ ಬರಲಿಲ್ಲವೇನೋ, ಮತ್ತೊಮ್ಮೆ ಒತ್ತಿದಳು. ಎರಡೇ ಹೆಸರು, ಹೆಚ್ಚಿಲ್ಲ, ಕಡಿಮೆಯಿಲ್ಲ.

"ಇನ್ನೂ ಇದೀನಿ ಕಣೇ," ಎಂದು ಅಕ್ಕನಿಗೆ ಹೇಳಿ, ಕುಣಿಯಲು ಓಡಿದಳು.