ನಿಲುವಂಗಿಯ ಕೆಳಗಿನ ಪಟ್ಟಿ

ಬುರಾನುದ್ದೀನ ಸಾಹೇಬರ ಕೈಗಳನ್ನು ಆಳಂದದ ಬೀದಿಯಲ್ಲಿ ಕಂಡವರು ಕಡಿಮೆ. ಬೇಸಿಗೆಯ ಧಗೆಯಲ್ಲೂ ಮೊಣಕಾಲು ಮುಟ್ಟುವ ಕಪ್ಪು ಕೋಟು ತೊಟ್ಟು, ಎರಡೂ ಕೈಗಳನ್ನು ಅದರ ಜೇಬಿನ ಆಳಕ್ಕೆ ಇಳಿಬಿಟ್ಟು, ಗೋಡೆಯ ಅಂಚಿಗೇ ಅಂಟಿಕೊಂಡಂತೆ ನಡೆಯುತ್ತಿದ್ದ ಆ ಕೃಶಕಾಯದವರು, ಪರಿಚಿತರು ಎದುರಾದರೆ ತಲೆ ಬಾಗಿಸುತ್ತಿದ್ದರೇ ಹೊರತು ಕೈ ಎತ್ತಿ ಸಲಾಮು ಮಾಡುತ್ತಿರಲಿಲ್ಲ. ಸೊಕ್ಕಿನ ಮನುಷ್ಯ ಎಂದೇ ನಾನೂ ತಿಳಿದಿದ್ದೆ.

ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದರೂ ಅವರದು ದರಬಾರಿ ಚಿತ್ರಕಾರರ ಮನೆತನ. ಅಶ್ವಾರೂಢ ದೊರೆಗಳನ್ನು ಬರೆಯುವುದು ವಂಶದ ವಿದ್ಯೆ: ಪಾರ್ಶ್ವಮುಖ, ತಲೆಯ ಹಿಂದೆ ಸುವರ್ಣ ಪ್ರಭಾವಳಿ, ಮದರಂಗಿ ಹಚ್ಚಿದ ಕುದುರೆಯ ಕಾಲು, ಪಕ್ಕದಲ್ಲಿ ಚಾಮರ ಹಿಡಿದು ಓಡುವ ಗಿಡ್ಡ ಸೇವಕರು. ಅದರಲ್ಲಿ ಅವರದೊಂದು ಹಟವಿತ್ತು. ಕುದುರೆಯಾದ ಮೇಲೆ ಜೀನು, ಜೀನಾದ ಮೇಲೆ ಅದನ್ನು ಬಿಗಿಯುವ ಹೊಟ್ಟೆಪಟ್ಟಿ, ಆಮೇಲಷ್ಟೇ ಸವಾರ. ಹೇಗೂ ಸವಾರನ ನಿಲುವಂಗಿಯ ಕೆಳಗೆ ಮುಚ್ಚಿಹೋಗುವ ಪಟ್ಟಿಗೆ ಇಷ್ಟು ನಾಜೂಕೇಕೆ ಎಂದು, ನಮ್ಮ ಶಾಲೆಯ ಬೋರ್ಡು ಬರೆಸಲು ಹೋಗಿ ಸಲಿಗೆ ಬೆಳೆಸಿಕೊಂಡಿದ್ದ ನಾನೊಮ್ಮೆ ಚೇಷ್ಟೆ ಮಾಡಿದೆ.

"ಬಿಗೀಲಾರದ ಕುದುರಿ ಮ್ಯಾಲ ದೊಡ್ಡೋರ್ನ ಕುಂದರಸಬಾರ್ದ್ರಿ ಮಾಸ್ತರ್ರ," ಎಂದರು. ನಿಜಾಮನ ಕಾಲದಲ್ಲಿ ಅವರ ತಂದೆ ಒಬ್ಬ ಜಾಗೀರದಾರನ ಚಿತ್ರದಲ್ಲಿ ಆ ಪಟ್ಟಿ ಬರೆಯಲು ಮರೆತಿದ್ದರಂತೆ. ಸ್ವಲ್ಪ ದಿನಕ್ಕೇ ಜಾಗೀರದಾರ ಬೇಟೆಯಲ್ಲಿ ಕುದುರೆಯಿಂದ ಬಿದ್ದ. ತಪ್ಪು ಚಿತ್ರದ್ದೇ ಎಂದು ಚಿತ್ರಕಾರನ ಬಲಗೈ ಬೆರಳುಗಳನ್ನು ಬಾಗಿಲ ಸಂದಿಯಲ್ಲಿಡಿಸಿ ಕದ ಮುಚ್ಚಿಸಿದ. ಹೇಳುತ್ತ ಹೇಳುತ್ತ ಬುರಾನುದ್ದೀನರ ಕೈ ತಾನಾಗಿ ಜೇಬು ಸೇರಿತು. ನಾನು ಸೊಕ್ಕೆಂದು ತಿಳಿದದ್ದು ಹೆದರಿಕೆಯಾಗಿತ್ತು.

ಎಪ್ಪತ್ತೆಂಟರಲ್ಲಿ ಇಜೇರಿಯ ಸಾಹುಕಾರ ದೌಲತರಾಯರು ಬುರಾನುದ್ದೀನರಿಂದ ತಮ್ಮನ್ನೂ ಹಾಗೆಯೇ ಕುದುರೆಯ ಮೇಲೆ ಬರೆಸಿಕೊಂಡರು. ಚಿತ್ರ ನೋಡಿ ನೋಡಿ ಹುರುಪೇರಿ, ಗಾಣಗಾಪುರದಿಂದ ಟಾಂಗಾದ ಕುದುರೆಯೊಂದನ್ನು ತರಿಸಿ ಹತ್ತಿದರು. ಹತ್ತಿದಷ್ಟೇ ಬೇಗ ಬಿದ್ದು ಸೊಂಟ ಮುರಿದುಕೊಂಡರು. ಆ ಹಳೆಯ ಕತೆ ಅವರ ಕಿವಿಗೂ ಬಿದ್ದಿತ್ತು. ಬುರಾನುದ್ದೀನರಿಗೆ ಬುಲಾವು ಬಂತು. "ನನ್ನ ಜೋಡಿ ಬರ್ರಿ ಮಾಸ್ತರ್ರ" ಎಂದು ನನ್ನನ್ನೂ ಬಸ್ಸು ಹತ್ತಿಸಿದರು.

ಪಡಸಾಲೆಯಲ್ಲಿ ಮಂಚದ ಮೇಲೆ ರಾಯರು, ಮಗ್ಗುಲಲ್ಲಿ ಆ ಚಿತ್ರ, ಬಾಗಿಲಲ್ಲಿ ಇಬ್ಬರು ಆಳುಗಳು.

"ಪಟ್ಟಿ ಹಾಕೀಯೇನಲೇ? ನನಗ ಕಾಣವಲ್ದು."

"ಹಾಕೇನ್ರಿ ಧಣಿ. ನಿಲುವಂಗಿ ಕೆಳಗ ಅದರಿ."

"ತೋರ್ಸು."

ಬುರಾನುದ್ದೀನರು ಒದ್ದೆ ಹತ್ತಿಯಿಂದ ನಿಲುವಂಗಿಯ ಹಳದಿಯನ್ನು ಮೆಲ್ಲಗೆ ಒರೆಸತೊಡಗಿದರು. ಮೇಲಿನ ಬಣ್ಣದ ಜೊತೆಗೆ ಕೆಳಗಿನದೂ ಅಳಿಸಿಹೋದರೆ? ಒಬ್ಬ ಆಳು ಕದದ ಮೇಲೆ ಕೈಯಿಟ್ಟು ನಿಂತಿದ್ದ. ಕೊನೆಗೆ ಕೆಂಪು ಪಟ್ಟಿ, ಅದರ ಕೊಂಡಿಯ ಸಮೇತ, ಮಸುಕಾಗಿ ಕಂಡಿತು.

ರಾಯರು ಚಿತ್ರವನ್ನು ಹತ್ತಿರ ತರಿಸಿ ನೋಡಿದರು. "ಬಿಗೀದೀ ಖರೆ. ಮತ್ತ ನಾ ಯಾಕ ಬಿದ್ನಿ?"

ಬುರಾನುದ್ದೀನರ ಕೈ ಆಗಲೇ ಜೇಬಿನಲ್ಲಿತ್ತು. ಬೆರಳುಗಳೇನೋ ಉಳಿದವು; ಆದರೆ ಊರಿಗೆ ಮರಳಿದ ಮೇಲೆ ಕೈಯನ್ನು ಜೇಬಿನಿಂದ ತೆಗೆಯಲಾರದೆ ಅವರು ಬೋರ್ಡು ಬರೆಯುವುದನ್ನೂ ಬಿಟ್ಟರು.

ಆ ಕುಲದ ಚಿತ್ರಕಾರರ ಹಣೆಬರಹವೇ ಅದು: ದೊರೆಯನ್ನು ಕುದುರೆಯ ಮೇಲೆ ನಿರ್ಭಯನಾಗಿ ಕೂರಿಸಲು ಅವನ ಪಾಲಿನ ಭಯವನ್ನೂ ತಾವೇ ಉಂಡವರು ಅವರು. ಮುಂಗಾಲೆತ್ತಿದ ಕುದುರೆಯ ಮೇಲೆ ನೆಟ್ಟಗೆ ಕೂತ ಅರಸನ ಚಿತ್ರ ಎಲ್ಲಿ ಕಂಡರೂ, ಅದನ್ನು ಬರೆದ ಕೈಗೆ ಆಮೇಲೆ ಏನಾಯಿತೋ ಎಂದು ನನಗೆ ಈಗಲೂ ಹೆದರಿಕೆಯಾಗುತ್ತದೆ.