ಏಳು ಗೆರೆ ಮುಂದೆ ನಿಂತ ಮುಳ್ಳು

ನನಗೆ ಮುಖವಿದೆ, ಕೈಯಿದೆ, ಕಾಲಿಲ್ಲ. ಮುಖವೆಂದರೆ ಸೊನ್ನೆಯಿಂದ ಇಪ್ಪತ್ತೈದರವರೆಗೆ ಅಂಕಿ ಬರೆದ ದುಂಡನೆಯ ತಟ್ಟೆ. ಕೈಯೆಂದರೆ ಕೆಳಗೆ ಜೋತುಬಿದ್ದ ಕೊಕ್ಕೆ. ನಾನೊಂದು ಕೊಕ್ಕೆ ತಕ್ಕಡಿ. ನೆಲದ ಮೇಲೆ ನಿಲ್ಲುವ ಭಾಗ್ಯ ನನಗಿಲ್ಲ, ಹುಟ್ಟಿದಾಗಿನಿಂದ ನೇತಾಡಿಕೊಂಡೇ ಬದುಕಿದ್ದೇನೆ. ಅದಕ್ಕೇ ಇರಬೇಕು, ಸ್ವಲ್ಪ ಕನಸುಗಾರ. ಕಾಲಿಗೆ ನೆಲ ಸಿಗದವರು ಬೇರೇನು ಮಾಡಿಯಾರು?

ಕಾರ್ಖಾನೆಯಲ್ಲಿ ಉಕ್ಕಿನ ತಂತಿಯನ್ನು ಸುರುಳಿ ಸುತ್ತಿ ನನ್ನ ಎದೆಯೊಳಗಿಟ್ಟರು. ಆಮೇಲೆ ಕೊಕ್ಕೆಗೆ ಐದು ಕಿಲೋದ ಕಬ್ಬಿಣದ ಗುಂಡು ಸಿಕ್ಕಿಸಿದರು. ಮುಳ್ಳು ಸರಿಯಾಗಿ ಐದಕ್ಕೆ ಹೋಗಿ ನಿಂತಿತು. ನಾನು ಆಡಿದ ಮೊದಲ ಮಾತು ಅದು, ಮತ್ತು ಅದು ನಿಜವಾಗಿತ್ತು. ನಿಜ ಹೇಳುವುದೊಂದೇ ನನ್ನ ಕಸುಬು ಎಂದು ಅವತ್ತೇ ತಿಳಿದುಕೊಂಡೆ.

ಅಲ್ಲಿಂದ ಗದಗಿನ ಒಂದು ಅಂಗನವಾಡಿಗೆ ಬಂದೆ. ಅಲ್ಲಿನ ಶಿಕ್ಷಕಿ ನೀಲಾಂಬಿಕಾ. ತೊಲೆಗೆ ನನ್ನನ್ನು ಕಟ್ಟಿ, ಕೊಕ್ಕೆಗೆ ಬಟ್ಟೆಯ ಜೋಳಿಗೆ ಹಾಕಿ, ಅದರಲ್ಲಿ ಕೂಸುಗಳನ್ನು ಇಳಿಬಿಟ್ಟು ತೂಗುತ್ತಿದ್ದಳು. ಇಪ್ಪತ್ತಾರು ವರ್ಷ ಅದೇ ಕೆಲಸ. ಕೆಲವು ಕೂಸು ಕಿರುಚುತ್ತಿದ್ದವು, ಕೆಲವು ಜೋಳಿಗೆಯಲ್ಲೇ ನಿದ್ದೆ ಹೋಗುತ್ತಿದ್ದವು, ಕೆಲವು ಹೇಳದೆ ಕೇಳದೆ ನನ್ನನ್ನು ತೋಯಿಸುತ್ತಿದ್ದವು. ತನ್ನ ಮೊಮ್ಮಗ ದಷ್ಟಪುಷ್ಟ ಎಂದು ಕಾಣಲೆಂದು ಬೆಳ್ಳಿಯ ಕಾಲ್ಗಡಗ ಬಿಚ್ಚದೆ ತರುತ್ತಿದ್ದ ಅಜ್ಜಿಯೂ ಇದ್ದಳು. ನೀಲಾಂಬಿಕಾಳ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ನಗುತ್ತಲೇ ಕಡಗ ಬಿಚ್ಚಿಸುತ್ತಿದ್ದಳು. ಅವಳದೊಂದು ನಿಯಮವಿತ್ತು: ಏನನ್ನೇ ತೂಗುವ ಮೊದಲು ಕೊಕ್ಕೆ ಬರಿದು ಮಾಡಿ, ಮುಳ್ಳು ಸೊನ್ನೆಯ ಮೇಲಿದೆಯೇ ಎಂದು ನೋಡುವುದು. ಬರಿಗೈಯಲ್ಲಿದ್ದಾಗ ನನ್ನ ಮುಖ ನೋಡಿದವಳು ಅವಳೊಬ್ಬಳೇ. ಅದಕ್ಕೇ ಅವಳೆಂದರೆ ನನಗೆ ಪ್ರೀತಿ.

ಅಂಗನವಾಡಿಯ ಗೋಡೆಯ ಮೇಲೊಂದು ದೇಶದ ನಕಾಶೆ ಇತ್ತು. ಅದರ ನೆತ್ತಿಯಲ್ಲಿ ಬಿಳಿಯ ಬಣ್ಣ. ಅದು ಹಿಮ ಎಂದು ಅವಳು ಮಕ್ಕಳಿಗೆ ಹೇಳುತ್ತಿದ್ದಳು. ಒಮ್ಮೆ ಮೂಗು ಸುರಿಸುತ್ತಿದ್ದ ಒಂದು ಹುಡುಗಿ, ಹಿಮ ಎಷ್ಟು ಕಿಲೋ ಇರುತ್ತದೆ ಎಂದು ಕೇಳಿತು. ನೀಲಾಂಬಿಕಾ, ತಾನು ಹಿಮವನ್ನು ನೋಡಿಯೇ ಇಲ್ಲ, ನೋಡಿದ ದಿನ ಹೇಳುತ್ತೇನೆ ಎಂದಳು. ಮಕ್ಕಳು ಮನೆಗೆ ಹೋದ ಮೇಲೆ ನಕಾಶೆಯ ಆ ಬಿಳಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ಆ ದಿನದಿಂದ ನನಗೂ ಬಿಳಿಯ ಕನಸು ಹತ್ತಿಕೊಂಡಿತು. ಜೋಳಿಗೆಯ ತುಂಬ ಬಿಳಿ, ಕೂಸಿನಂತೆ ಮೆತ್ತಗೆ, ಅಳುವುದಿಲ್ಲ, ಒದೆಯುವುದಿಲ್ಲ. ಎಷ್ಟು ಹೇಳಲಿ ಎಂದು ತಿಳಿಯದೆ ನನ್ನ ಮುಳ್ಳು ತೇಲುತ್ತಿತ್ತು.

ಆಮೇಲೆ ಬ್ಯಾಟರಿಯ ತಕ್ಕಡಿ ಬಂತು, ನಾನು ಗುಜರಿಯ ಲೆಕ್ಕಕ್ಕೆ ಸೇರಿದೆ. ನೀಲಾಂಬಿಕಾ ಮೇಲಿನವರನ್ನು ಕೇಳಿ ನನ್ನನ್ನು ಮನೆಗೆ ತಂದು ಅಟ್ಟದ ಮೇಲಿಟ್ಟಳು. ಕೆಲವು ವರ್ಷ ಅಲ್ಲಿ ಜೇಡರ ಜೊತೆ ಕಳೆದೆ. ಅವಳೂ ನಿವೃತ್ತಳಾದಳು.

ಅವಳ ಗಂಡ ವಿರೂಪಾಕ್ಷಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಅವನೂ, ಅದೇ ಡಿಪೋದ ಡ್ರೈವರ್ ಖಾಸಿಂಸಾಬನೂ ನಿವೃತ್ತರಾದ ಮೇಲೆ ಒಂದು ಹಳೆಯ ಜೀಪನ್ನು ತಂದು ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿ, ಎರಡು ವರ್ಷ ಬಿಚ್ಚಿದರು, ಕಟ್ಟಿದರು. ಇಬ್ಬರಿಗೂ ಒಂದೇ ಹುಚ್ಚು. ಲೇಹ್ ದಾಟಿ, ಪೂರ್ವಕ್ಕೆ, ಚಾಂಗ್‌ಥಾಂಗ್ ಎಂಬ ಮರವಿಲ್ಲದ ಎತ್ತರದ ಬಯಲಿನಲ್ಲಿ ರಸ್ತೆ ಮುಗಿದ ಮೇಲೂ ಜೀಪು ಓಡಿಸಬೇಕು. ಮೂವತ್ತು ವರ್ಷ ಟೈಮ್ ಟೇಬಲ್ ಪ್ರಕಾರ ಬಸ್ಸು ಬಿಟ್ಟವರಿಗೆ ಒಮ್ಮೆ ದಾರಿಯೇ ಇಲ್ಲದ ಕಡೆ ಹೋಗುವ ಆಸೆ. ನಾನೂ ಬರುತ್ತೇನೆ ಎಂದು ನೀಲಾಂಬಿಕಾ ಮೊದಲ ದಿನವೇ ಹೇಳಿದ್ದಳು. ಆಯಿತು ಎಂದಿದ್ದ ಗಂಡ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಅವಳು ಮೂವರಿಗೂ ಉಣ್ಣೆಯ ಟೋಪಿ ಹೆಣೆದಿಟ್ಟಳು.

ತಯಾರಿ ಜೋರಾಯಿತು. ಕೊನೆಯ ಡೀಸೆಲ್ ಬಂಕ್ ಎಲ್ಲಿ, ಯಾವ ಹಳ್ಳವನ್ನು ಬೆಳಿಗ್ಗೆಯೇ ದಾಟಬೇಕು, ಯಾವ ಪರವಾನಗಿ ಬೇಕು, ಎಲ್ಲವನ್ನೂ ಕೇಳಿ ತಿಳಿದು ಬರೆದುಕೊಂಡರು. ಮಧ್ಯಾಹ್ನ ಹಿಮ ಕರಗಿ ಉಕ್ಕಿ ಹರಿಯುವ ಹಳ್ಳ ಬೆಳಿಗ್ಗೆ ಹೆಪ್ಪುಗಟ್ಟಿ ಮಲಗಿರುತ್ತದಂತೆ. ಎತ್ತರ ಹೆಚ್ಚಿದಂತೆ ಎಂಜಿನ್ನಿಗೂ ಉಸಿರು ಹತ್ತುತ್ತದಂತೆ. ಆದ್ದರಿಂದ ಮನುಷ್ಯರೂ ಸಾಮಾನೂ ಸೇರಿ ನಾನೂರಾ ಇಪ್ಪತ್ತು ಕಿಲೋಗಿಂತ ಒಂದು ಗ್ರಾಂ ಹೆಚ್ಚು ಹೇರಬಾರದು ಎಂದು ವಿರೂಪಾಕ್ಷಪ್ಪ ನಿಶ್ಚಯಿಸಿದ. ಪ್ರತಿಯೊಂದನ್ನೂ ತೂಗಿ ಬರೆಯಬೇಕು. ಆಗ ನನ್ನ ನೆನಪಾಯಿತು.

ಏಣಿ ಹತ್ತಿ ಅಟ್ಟದಿಂದ ನನ್ನನ್ನು ಎಳೆಯುವಾಗ ಅವನ ಕೈ ಜಾರಿತು. ನೆಲ ಮುಟ್ಟಬೇಕೆಂಬ ನನ್ನ ಆಸೆ ತೀರಿತು, ಆದರೆ ಹಾಗಲ್ಲ ನಾನು ಬಯಸಿದ್ದು. ಎದೆಯೊಳಗೆ ಏನೋ ಸರಿಯಿತು. ಬರಿಗೈಯಲ್ಲಿದ್ದರೂ ನನ್ನ ಮುಳ್ಳು ಸೊನ್ನೆಯಿಂದ ಏಳು ಸಣ್ಣ ಗೆರೆ ಮುಂದೆ ಹೋಗಿ ನಿಂತಿತು. ಏಳು ಗೆರೆ ಎಂದರೆ ಏಳುನೂರು ಗ್ರಾಂ. ಗಾಜು ಒಡೆದಿಲ್ಲ, ಕೊಕ್ಕೆ ಸೊಟ್ಟಾಗಿಲ್ಲ ಎಂದು ನೋಡಿ ಸಮಾಧಾನಪಟ್ಟು ಅವನು ನನ್ನನ್ನು ಬೇವಿನ ಕೊಂಬೆಗೆ ಕಟ್ಟಿದ. ಮುಳ್ಳು ನೋಡಲಿಲ್ಲ. ಬಸ್ಸಿನ ನಟ್ಟೊಂದು ಸಡಿಲವಾದರೆ ಸದ್ದಿನಿಂದಲೇ ಗುರುತಿಸುವವನು, ತನ್ನ ಕಣ್ಣೆದುರಿನ ಸುಳ್ಳನ್ನು ಗುರುತಿಸಲಿಲ್ಲ.

ನಾಲ್ಕು ದಿನ ತೂಗಿದರು. ಖಾಸಿಂಸಾಬ್ ಅಂಕಿ ಕೂಗುತ್ತಿದ್ದ, ವಿರೂಪಾಕ್ಷಪ್ಪ ಬರೆಯುತ್ತಿದ್ದ. ತುಂಬಿದ ಡೀಸೆಲ್ ಕ್ಯಾನುಗಳು, ಎಳೆಯುವ ಹಗ್ಗ, ಎರಡು ಜಾಕು, ಸಲಿಕೆ, ಸ್ಟೋವು, ಡೇರೆ, ಕಂಬಳಿ, ಖಡಕ್ ರೊಟ್ಟಿಯ ಗಂಟು. ಒಂದೊಂದೂ ಕೊಕ್ಕೆಗೆ ಬಂದಾಗ ನಾನು ಮೈಮರೆಯುತ್ತಿದ್ದೆ. ಕಂಬಳಿಯಲ್ಲಿ ಮುಂದೆ ಬರಲಿರುವ ಚಳಿ ಇತ್ತು, ಹಗ್ಗದಲ್ಲಿ ಹೂತುಹೋಗಲಿರುವ ಮರಳಿತ್ತು. ನಾನೇ ಹೊರಟಿದ್ದೇನೆ ಅನ್ನಿಸುತ್ತಿತ್ತು. ಆದರೆ ಪ್ರತಿ ಸಲವೂ ಏಳುನೂರು ಗ್ರಾಂ ಸುಳ್ಳು ಹೇಳುತ್ತಿದ್ದೆ. ಎಪ್ಪತ್ತನಾಲ್ಕು ಸಾಮಾನು, ಎಪ್ಪತ್ತನಾಲ್ಕು ಸುಳ್ಳು. ನಿಲ್ಲಿಸಿರೆಂದು ಹೇಳಲು ನನಗೆ ಬಾಯಿಲ್ಲ.

ಸಂತೆಪೇಟೆಯ ದೊಡ್ಡ ಕಾಟಾದ ಮೇಲೆ ನಿಂತು ಬಂದ ಮೂವರ ತೂಕವನ್ನೂ ಸೇರಿಸಿದಾಗ ನಾನೂರಾ ಎಪ್ಪತ್ತಾಯಿತು. ಐವತ್ತು ಕಿಲೋ ಹೆಚ್ಚು. ಇಬ್ಬರೂ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಡೀಸೆಲ್ ಬಿಡುವಂತಿಲ್ಲ, ಟೈರು ಬಿಡುವಂತಿಲ್ಲ, ಎರಡನೆಯ ಜಾಕನ್ನು ಬಿಡಲು ಡಿಪೋ ಬುದ್ಧಿ ಒಪ್ಪಲಿಲ್ಲ. ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿ ‘ನೀಲಾ, 52’ ಎಂದಿತ್ತು. ವಿರೂಪಾಕ್ಷಪ್ಪನ ಪೆನ್ನು ಅಲ್ಲಿ ಬಹಳ ಹೊತ್ತು ನಿಂತಿತು. ಆಮೇಲೆ ಅದರ ಮೇಲೊಂದು ಗೆರೆ ಎಳೆಯಿತು. ಖಾಸಿಂಸಾಬ್ ತಲೆ ತಗ್ಗಿಸಿ, ಇದು ಸರಿ ಕಾಣುವುದಿಲ್ಲ ಎಂದ. ಅಂಕಿ ಸುಳ್ಳು ಹೇಳುವುದಿಲ್ಲವಲ್ಲ ಎಂದ ವಿರೂಪಾಕ್ಷಪ್ಪ. ಆ ಮಾತು ಕೇಳಿ ನನಗೆ ಕೊಂಬೆ ಮುರಿದು ಬಿದ್ದುಹೋಗಬಾರದೇ ಅನ್ನಿಸಿತು.

ಒಳಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಜಗಳವಾಡಲಿಲ್ಲ. ಹೋಗಿ ಬನ್ನಿ ಎಂದಳಂತೆ. ಹತ್ತು ದಿನ ಅಂಗಳದ ಕಡೆ ಸುಳಿಯಲಿಲ್ಲ. ಕಿಟಕಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು, ಮಡಿಲಲ್ಲಿ ಬಿಚ್ಚಿದ ಉಣ್ಣೆಯ ಉಂಡೆ. ತನ್ನ ಟೋಪಿಯನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದಳು.

ಹೊರಡಲು ಎರಡು ದಿನವಿದ್ದಾಗ ಶೇಂಗಾ ಚಟ್ನಿಪುಡಿ ಕುಟ್ಟಿ ಸ್ಟೀಲಿನ ಡಬ್ಬಿಗೆ ತುಂಬಿ ಹೊರಗೆ ತಂದಳು. ಬಿಟ್ಟು ಹೋಗುವವರಿಗೂ ಬುತ್ತಿ ಕಟ್ಟುವ ಹೆಂಗಸು. ಗಂಡ ಡಬ್ಬಿಗೆ ಕೈಚಾಚಿದ. ಅವಳು ಕೊಡಲಿಲ್ಲ. ಇಪ್ಪತ್ತಾರು ವರ್ಷದ ರೂಢಿ, ಮೊದಲು ತಲೆ ಎತ್ತಿ ಬರಿದಾದ ನನ್ನ ಮುಖ ನೋಡಿದಳು. ಆ ಒಂದು ನೋಟಕ್ಕಾಗಿ ನಾನು ಎಷ್ಟು ದಿನ ಕಾದಿದ್ದೆ!

“ಮುಳ್ಳ ಎಲ್ಲಿ ನಿಂತೈತಿ ನೋಡ್ರಿ,” ಎಂದಳು ಮೆಲ್ಲಗೆ.

ಇಬ್ಬರೂ ಬಂದು ನೋಡಿದರು. ಖಾಸಿಂಸಾಬ್ ಕನ್ನಡಕ ಒರೆಸಿ ಮತ್ತೆ ನೋಡಿದ. ಎಷ್ಟು ಸಲ ತೂಗಿದಿರಿ ಎಂದು ಕೇಳಿದಳು. ಎಪ್ಪತ್ತನಾಲ್ಕು ಎಂದ ಗಂಡ. ಅವಳು ಕಣ್ಣು ಮುಚ್ಚಿ ಬಾಯಲ್ಲೇ ಗುಣಿಸಿದಳು. ಐವತ್ತೊಂದು ಕಿಲೋ ಎಂಟುನೂರು ಗ್ರಾಂ. ಹೆಚ್ಚೆಂದು ತೋರಿದ್ದು ಐವತ್ತು. ಅಂದರೆ ಅವಳು ಕೂತರೂ ಜೀಪಿನಲ್ಲಿ ಇನ್ನೂ ಒಂದು ಕಿಲೋ ಎಂಟುನೂರಕ್ಕೆ ಜಾಗವಿತ್ತು. ಮನೆಯಲ್ಲೇ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದ ಗಂಡಸರಿಬ್ಬರೂ ಪೆಚ್ಚಾಗಿ ನಿಂತರು.

ವಿರೂಪಾಕ್ಷಪ್ಪ ನನ್ನತ್ತ ಕೈ ತೋರಿಸಿ, “ಈ ಮುಳ್ಳಿನ ತಪ್ಪ ಆತು ನೋಡ,” ಎಂದ.

“ಮುಳ್ಳಿನ ತಪ್ಪ ಏಳ ಗೆರಿ,” ಎಂದಳು ನೀಲಾಂಬಿಕಾ. “ಉಳಿದದ್ದು ನಿಮ್ದು. ಜಾಕಿನ ಕೆಳಗ ನನ್ನ ಹೆಸರ ಬರದವರು ನೀವು.”

ಅವನು ಹಳೆಯ ಪಟ್ಟಿಯನ್ನು ಮಡಚಿ ಜೇಬಿಗಿಟ್ಟು, ಹೊಸ ಹಾಳೆ ತೆಗೆದು, ಮೊದಲ ಸಾಲಿನಲ್ಲಿ ಅವಳ ಹೆಸರನ್ನು ಪೂರ್ತಿಯಾಗಿ ಬರೆದ. ಅವಳು ಅದನ್ನು ಓದಿದಳು, ಒಳಗೆ ಹೋದಳು. ಬಿಚ್ಚಿದ ಉಣ್ಣೆಯನ್ನು ಆ ಸಂಜೆಯೇ ಮತ್ತೆ ಹೆಣೆಯಲು ಕೂತಳು.

ಬೆಳಿಗ್ಗೆ ಒಂದು ಸಣ್ಣ ತಿರುಪುಳಿಯಿಂದ ನನ್ನ ಮುಳ್ಳನ್ನು ಸೊನ್ನೆಗೆ ತಂದು, ಡಬ್ಬಿಯನ್ನು ಕೊಕ್ಕೆಗೆ ಹಾಕಿದಳು. ಸರಿಯಾಗಿ ಒಂದು ಕಿಲೋ ಎಂಟುನೂರು. ನನ್ನ ತೂಕವೂ ಹೆಚ್ಚುಕಡಿಮೆ ಅಷ್ಟೇ. ನನಗೂ ಚಟ್ನಿಪುಡಿಗೂ ನಡುವೆ ಚಟ್ನಿಪುಡಿ ಗೆದ್ದಿತು. ಹೊಟ್ಟೆಕಿಚ್ಚಿಲ್ಲವೆಂದರೆ ಸುಳ್ಳಾಗುತ್ತದೆ. ಸುಳ್ಳು ಹೇಳುವುದನ್ನು ನಾನು ಬಿಟ್ಟಿದ್ದೇನೆ. ಮರುದಿನ ಜೀಪು ಗೇಟು ದಾಟುವಾಗ ಕೆಂಪು ಟೋಪಿಯೊಂದು ಹಿಂದೆ ತಿರುಗಿ ನನ್ನನ್ನು ನೋಡಿತು.

ಒಂದೂವರೆ ತಿಂಗಳು ಬೇವಿನ ಕೊಂಬೆಯಲ್ಲಿ ಬರಿಗೈಯಲ್ಲಿ ತೂಗಾಡಿದೆ. ಗಾಳಿ ಬಂದರೆ ಮುಳ್ಳು ಅರ್ಧ ಗೆರೆ ಅಲುಗಿ ಮತ್ತೆ ಸೊನ್ನೆಗೆ ಬರುತ್ತಿತ್ತು. ಈಗ ಹಳ್ಳ ದಾಟಿರಬೇಕು, ಈಗ ರಸ್ತೆ ಮುಗಿದಿರಬೇಕು, ಈಗ ಎಂಜಿನ್ ಏದುಸಿರು ಬಿಡುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ಬೇವಿನ ಹಣ್ಣು ಒಂದೊಂದಾಗಿ ಮೈಮೇಲೆ ಉದುರಿದರೆ, ಕಣ್ಣು ಮುಚ್ಚಿಕೊಂಡು, ಹಿಮ ಎಂದುಕೊಳ್ಳುತ್ತಿದ್ದೆ.

ಅವರು ಬಂದರು. ಮೂವರೂ ಕಪ್ಪಾಗಿ, ತುಟಿ ಒಡೆದು, ನಗುತ್ತ ಬಂದರು. ಎರಡನೆಯ ಜಾಕು ಒಮ್ಮೆಯೂ ಬೇಕಾಗಲಿಲ್ಲವೆಂದು ಖಾಸಿಂಸಾಬ್ ಬೀದಿಗೆಲ್ಲ ಸಾರಿದ. ನೀಲಾಂಬಿಕಾ ಕೈಕಾಲು ತೊಳೆಯುವ ಮೊದಲೇ ಅದೇ ಸ್ಟೀಲಿನ ಡಬ್ಬಿ ಹಿಡಿದು ನನ್ನ ಹತ್ತಿರ ಬಂದಳು. ಬರಿದಾದ ನನ್ನ ಮುಖ ನೋಡಿದಳು. ಸೊನ್ನೆ. ಡಬ್ಬಿಯನ್ನು ಕೊಕ್ಕೆಗೆ ಹಾಕಿದಳು. ಒಳಗೆ ನೀರು ತುಳುಕಿತು. ಬಯಲಿನಲ್ಲಿ ಒತ್ತಿ ಒತ್ತಿ ತುಂಬಿದ ಹಿಮ, ದಾರಿಯಲ್ಲಿ ಕರಗಿ ನೀರಾಗಿತ್ತು. ಡಬ್ಬಿಯ ತೂಕ ಕಳೆದು ಅವಳು ಮೆಲ್ಲಗೆ ಹೇಳಿದಳು, ಅಂಗನವಾಡಿಯಲ್ಲಿ ತಾಯಂದಿರಿಗೆ ಹೇಳುತ್ತಿದ್ದ ದನಿಯಲ್ಲೇ.

“ಒಂದು ಕಿಲೋ ಇನ್ನೂರು. ಛಲೋ ಐತಿ.”

ಆ ಮೂಗು ಸುರಿಸುವ ಹುಡುಗಿ ಈಗ ಎಲ್ಲಿದ್ದಾಳೋ ಯಾರಿಗೆ ಗೊತ್ತು. ಉತ್ತರ ಮಾತ್ರ ಸಿಕ್ಕಿತು.

ನನಗೀಗ ವಯಸ್ಸಾಗಿದೆ. ಸುರುಳಿಯ ಬಿಗಿ ತಗ್ಗಿದೆ, ಅಂಕಿಗಳು ಮಾಸಿವೆ. ಪಡಸಾಲೆಯ ಮೊಳೆಗೆ ನೇತಾಡುತ್ತೇನೆ, ಯಾರೂ ಏನನ್ನೂ ತೂಗುವುದಿಲ್ಲ. ಕೂಸುಗಳನ್ನು ತೂಗಿದೆ, ಕಬ್ಬಿಣ ತೂಗಿದೆ, ನಾನೇ ಕಾಣದ ಹಿಮವನ್ನೂ ತೂಗಿದೆ. ಕಲಿತದ್ದು ಇಷ್ಟೇ: ಹೊರೆ ಹೆಚ್ಚಾಯಿತೆಂದು ಯಾರನ್ನಾದರೂ ಇಳಿಸುವ ಮೊದಲು, ಬರಿದಾದ ಮುಳ್ಳನ್ನೊಮ್ಮೆ ನೋಡಬೇಕು. ವಿರೂಪಾಕ್ಷಪ್ಪ ಈಗ ದಿನವೂ ಹೊರಗೆ ಹೋಗುವಾಗ ತಲೆ ಎತ್ತಿ ನನ್ನ ಮುಖ ನೋಡುತ್ತಾನೆ, ಆಮೇಲೆ ಹೆಂಡತಿಯನ್ನು ಕೂಗಿ, ಬರುತ್ತೀಯಾ ಎಂದು ಕೇಳುತ್ತಾನೆ.